ಟವೆಲ್ಲಿನಡಿಯ ಮಾತು

ಖಡಕಿ

ಪರದೇಶಕ್ಕೆ ಹೋಗಿ ಬಂದವರು ತಮ್ಮ ಕಥೆಯನ್ನು ವಿಮಾನದ ಕಿಟಕಿಯಿಂದ ಶುರು ಮಾಡುತ್ತಾರೆ. ನಾನು ನಮ್ಮ ಅಂಗಡಿಯ ಗಾದಿಯಿಂದ ಶುರು ಮಾಡಬೇಕು. ನಾವು ಕೊರಿಯಾಕ್ಕೆ ಹೋಗಬೇಕಾಗಿ ಬಂದದ್ದು ಆ ಗಾದಿಯ ಮೇಲೆ ಒಂದು ಸೀರೆ ಬಿಚ್ಚಿಕೊಳ್ಳದೆ ಹೋದದ್ದರಿಂದ.

ಪುಣೆಯ ಖಡಕಿ ಬಜಾರಿನಲ್ಲಿ ನಮ್ಮದು ಇಳಕಲ್ ಸೀರೆಯ ಅಂಗಡಿ. ಮಾವನವರು ಹಾಕಿದ್ದು. ಇಲ್ಲಿಯ ಹೆಂಗಸರು ಅದಕ್ಕೆ ಇರಕಲ್ ಅನ್ನುತ್ತಾರೆ, ನಮ್ಮ ಎದುರಿಗೇ ಅದು ಅಪ್ಪಟ ಮರಾಠಿ ಸೀರೆ ಎಂದೂ ಹೇಳುತ್ತಾರೆ. ವ್ಯಾಪಾರ ಆಗುವ ತನಕ ನಾವು ಹೂಂಗುಟ್ಟುತ್ತೇವೆ. ನಮ್ಮವರು ಗಾದಿಯ ಮೇಲೆ ಕೂತು ಮಡಿಕೆಯ ತುದಿ ಹಿಡಿದು ಮಣಿಕಟ್ಟನ್ನು ಒಮ್ಮೆ ಝಾಡಿಸಿದರೆ ಸಾಕು, ಸೀರೆ ಗಿರಾಕಿಯ ಮೊಣಕಾಲಿನ ತನಕ ಹರಡಿಕೊಂಡು ಸೆರಗು ಮೇಲೆ ಬಂದು ನಿಲ್ಲುತ್ತಿತ್ತು. ಕೊಳ್ಳಬಾರದೆಂದು ಬಂದವರೂ ಆ ಸೆರಗು ನೋಡಿ ಕೊಂಡು ಹೋದದ್ದುಂಟು. ಒಂದು ದಿನ ಸೀರೆ ಮುಂದೆ ಹೋಗದೆ ಅವರ ತೊಡೆಯ ಮೇಲೇ ಮುದ್ದೆಯಾಗಿ ಬಿತ್ತು.

"ಕೈ ಜೋಮು ಹಿಡದದ" ಎಂದರು.

ಜೋಮು ಇಳಿಯಲಿಲ್ಲ. ಕೈಯಿಂದ ಕಾಲಿಗೆ ಹೋಯಿತು, ಕಾಲಿನಿಂದ ನಾಲಿಗೆಗೆ ಬಂತು. ಪುಣೆಯ ಡಾಕ್ಟರು ಅದಕ್ಕೆ ಎ.ಎಲ್.ಎಸ್. ಎಂಬ ಹೆಸರು ಹೇಳಿದರು. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುತ್ತ ಹೋಗುವ ರೋಗ. ಬುದ್ಧಿ ನೆಟ್ಟಗಿರುತ್ತದೆ, ಮುಟ್ಟಿದ್ದು ತಿಳಿಯುತ್ತದೆ, ಆದರೆ ಮೈ ಹೇಳಿದ ಮಾತು ಕೇಳುವುದಿಲ್ಲ. ಗುಣ ಮಾಡುವ ಔಷಧಿ ಇಲ್ಲ, ರೋಗವನ್ನು ತುಸು ನಿಧಾನ ಮಾಡುವ ಮಾತ್ರೆ ಇದೆ ಎಂದು ಹೇಳಿ ಡಾಕ್ಟರು ಪೆನ್ನು ಮುಚ್ಚಿದರು. ಆ ಪೆನ್ನು ಮುಚ್ಚಿದ್ದಕ್ಕೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆಮೇಲೆ ಮನೆಯಲ್ಲಿ ಹುಡುಕಾಟ ಶುರುವಾಯಿತು. ನನ್ನ ಮೈದುನ ಬಸು ಪುಣೆಯ ಇನ್ನೊಂದು ಮಗ್ಗುಲಿನ ವಾಕಡದಲ್ಲಿರುತ್ತಾನೆ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಖರೀದಿ ವಿಭಾಗದವನು. ಜಗತ್ತಿನಲ್ಲಿ ಸಿಗದ ವಸ್ತು ಇಲ್ಲ, ಸರಿಯಾದ ಮಾರಾಟಗಾರ ಸಿಗಬೇಕು ಅಷ್ಟೇ ಎಂದು ನಂಬಿದವನು. ಈ ರೋಗದ ಮನೆಯವರೆಲ್ಲ ಸೇರಿಕೊಂಡ ಫೋನಿನ ಗುಂಪುಗಳಲ್ಲಿ ಅವನೂ ಸೇರಿದ. ಒಬ್ಬರು ಒಂದು ದೇಶದ ಹೆಸರು ಹೇಳುತ್ತಿದ್ದರು, ಇನ್ನೊಬ್ಬರು ಅಲ್ಲಿ ಹೋಗಿ ಮೋಸ ಹೋದೆವು ಎನ್ನುತ್ತಿದ್ದರು. ಕೊನೆಗೆ ಸಿಯೋಲ್ ನಗರದ ಒಂದು ಆಸ್ಪತ್ರೆ ಗೊತ್ತಾಯಿತು. ರೋಗಿಯ ಸೊಂಟದ ಎಲುಬಿನಿಂದಲೇ ಮಜ್ಜೆ ತೆಗೆದು, ಅದರ ಜೀವಕಣಗಳನ್ನು ಬೆಳೆಸಿ, ಬೆನ್ನುಹುರಿಯ ಸುತ್ತಲಿನ ನೀರಿಗೆ ಹಾಕುತ್ತಾರಂತೆ. ಇನ್ನೂ ಪ್ರಯೋಗದ ಚಿಕಿತ್ಸೆ ಎಂದು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದರು. ಆ ಪ್ರಾಮಾಣಿಕತೆಗೇ ನಾವು ಮರುಳಾದೆವು.

ನಮ್ಮಲ್ಲಿ ಒಂದು ಪದ್ಧತಿ ಇದೆ, ನಿಮ್ಮ ಮನೆಯಲ್ಲೂ ಇರಬಹುದು. ಡಾಕ್ಟರಿಗೆ ಆಯುರ್ವೇದದ ವೈದ್ಯರ ಸುದ್ದಿ ಹೇಳುವುದಿಲ್ಲ, ವೈದ್ಯರಿಗೆ ಡಾಕ್ಟರ ಸುದ್ದಿ ಹೇಳುವುದಿಲ್ಲ. ಇಬ್ಬರಿಗೂ ಬೇಜಾರಾಗಬಾರದು, ಔಷಧಿ ಮಾತ್ರ ಎರಡೂ ನಡೆಯಬೇಕು. ಮೀರಜದ ಆಚೆಯ ಒಬ್ಬ ವೈದ್ಯರಿಂದ ನಾನು ಬೂದಿ ಬಣ್ಣದ ಪುಡಿ ತಂದಿದ್ದೆ. ದಿನಾ ಬೆಳಗ್ಗೆ ಹಾಲಿಗೆ ಬೆರೆಸಿ ಕೊಡುತ್ತಿದ್ದೆ. ಬಸುವಿಗೂ ಹೇಳಿರಲಿಲ್ಲ, ಕುಡಿಯುವವರಿಗೂ ಹೇಳಿರಲಿಲ್ಲ.

ಇಂಚಿಯೋನ್ ವಿಮಾನ ನಿಲ್ದಾಣ

ವಿಮಾನದಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ನಮ್ಮವರಿಗೆ ನೀರು ಕೂಡ ಗಂಟಲಲ್ಲಿ ಅಡ್ಡ ಹೋಗುತ್ತಿತ್ತು, ಅದಕ್ಕೊಂದು ಪುಡಿ ಹಾಕಿ ಗಂಜಿಯಷ್ಟು ಗಟ್ಟಿ ಮಾಡಿ ಕುಡಿಸಬೇಕು. ಗಗನಸಖಿ ಪ್ರೀತಿಯಿಂದ ಕಿತ್ತಳೆ ರಸ ತಂದಾಗಲೆಲ್ಲ ನಾನು ಹಾವು ಕಂಡವಳಂತೆ ಕೈ ಅಡ್ಡ ಹಿಡಿಯುತ್ತಿದ್ದೆ. ಪಾಪ, ಆಮೇಲೆ ಆಕೆ ನಮ್ಮ ಸಾಲಿಗೆ ಬರುವುದನ್ನೇ ಬಿಟ್ಟಳು.

ನನ್ನ ನಿಜವಾದ ಹೆದರಿಕೆ ಚೀಲದಲ್ಲಿತ್ತು. ವೈದ್ಯರ ಪುಡಿಯನ್ನು ಮೇತಕೂಟದ ಡಬ್ಬಿಗೆ ತುಂಬಿದ್ದೆ. ಮೇತಕೂಟ ಎಂದರೆ ಪುಣೆಯಲ್ಲಿ ಮೆತ್ತಗಿನ ಅನ್ನಕ್ಕೆ ತುಪ್ಪದ ಜೊತೆ ಕಲಸುವ ಬೇಳೆಗಳ ಪುಡಿ. ಇಳಿದ ಮೇಲೆ ಕಸ್ಟಮ್ಸಿನ ಹುಡುಗನೊಬ್ಬ ಸರಿಯಾಗಿ ಅದೇ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿ ಮೂಸಿದ. ನಾನು ಅನ್ನ ಕಲಸುವ ಅಭಿನಯ ಮಾಡಿ, ಬಾಯಿಗೆ ಹಾಕಿಕೊಂಡು, ಬೆರಳು ನೆಕ್ಕಿ ತೋರಿಸಿದೆ. ಹುಡುಗ ನಕ್ಕು, ಮುಚ್ಚಳ ಹಾಕಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಬಾಗಿ ನನಗೆ ಕೊಟ್ಟ. ಅಲ್ಲಿ ಏನು ಕೊಡುವುದಿದ್ದರೂ ಹೀಗೆ ಎರಡು ಕೈಯಿಂದ ಪ್ರಸಾದ ಕೊಟ್ಟಂತೆ ಕೊಡುತ್ತಾರೆ. ನನಗೆ ಮುಖ ಎತ್ತಲು ಆಗಲಿಲ್ಲ.

"ವೈನಿ, ಇಷ್ಟು ದೂರ ಮೇತಕೂಟ ಯಾಕ ತಂದ್ರಿ? ಶೇಂಗಾ ಚಟ್ನಿ ಸಾಕಾಗಿತ್ತಲ್ಲ" ಎಂದ ಬಸು.

"ನಿಮ್ಮಣ್ಣಗ ಸೇರತದ" ಎಂದೆ. ಗಾಲಿ ಕುರ್ಚಿಯಲ್ಲಿದ್ದ ಅವನಣ್ಣ ನನ್ನನ್ನೇ ನೋಡುತ್ತಿದ್ದರು. ಅವರು ಆಯುಷ್ಯದಲ್ಲೇ ಮೇತಕೂಟ ಮುಟ್ಟಿದವರಲ್ಲ.

ಬಿಸಿ ನೆಲದ ಮನೆ

ಆಸ್ಪತ್ರೆಯ ಹತ್ತಿರ ಒಂದು ಹಳೆಯ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆವು. ಹೊಸ್ತಿಲಲ್ಲೇ ತೊಂದರೆ ಎದುರಾಯಿತು. ಅಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡುವುದಿಲ್ಲ. ನಮ್ಮಲ್ಲೂ ಇಲ್ಲ, ಆ ವಿಷಯದಲ್ಲಿ ನಾನು ಅವರಿಗಿಂತ ಕಟ್ಟುನಿಟ್ಟು. ಖಡಕಿಯಲ್ಲಿ ಗ್ಯಾಸ್ ಸಿಲಿಂಡರಿನವನನ್ನೂ ಬಾಗಿಲಲ್ಲೇ ನಿಲ್ಲಿಸಿದವಳು. ಆದರೆ ನಮ್ಮವರ ಬಲಗಾಲಿನ ಪಾದ ಜೋತುಬೀಳುತ್ತದೆ. ಅದನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಬೂಟಿನೊಳಗೇ ಕೂರುತ್ತದೆ, ಬೂಟು ಬಿಚ್ಚಿದರೆ ಹೆಜ್ಜೆ ಇಲ್ಲ.

ನಾವು ಮೂವರೂ ಹೊಸ್ತಿಲ ಹೊರಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯೊಡತಿ ನನಗಿಂತ ಹಿರಿಯಳು, ಗುಂಗುರು ಕೂದಲು, ಗಡಸು ದನಿ. ಬೂಟು ನೋಡಿದಳು, ಪಟ್ಟಿ ನೋಡಿದಳು, ಏನೋ ಗೊಣಗುತ್ತ ಒಳಗೆ ಹೋದಳು. ಬೈದಳೆಂದೇ ತಿಳಿದೆವು. ಒದ್ದೆ ಬಟ್ಟೆ ತಂದು, ನೆಲಕ್ಕೆ ಮೊಣಕಾಲೂರಿ ಕೂತು, ಅವರ ಬೂಟಿನ ತಳವನ್ನು ಪಾತ್ರೆ ಉಜ್ಜಿದಂತೆ ಉಜ್ಜಿ ಒಳಗೆ ಬನ್ನಿ ಎಂದು ಕೈಮಾಡಿದಳು. ನಮ್ಮವರಿಗೆ ಕಣ್ಣಲ್ಲಿ ನೀರು ಬಂತು. ಈ ರೋಗದಲ್ಲಿ ಅಳು, ನಗು ಎರಡೂ ಕಾರಣವಿಲ್ಲದೆ ಬರುತ್ತವೆ ಎಂದು ಡಾಕ್ಟರು ಹೇಳಿದ್ದುಂಟು. ಆವತ್ತು ಕಾರಣವಿತ್ತು.

ಆ ಮನೆಯ ನೆಲ ಕೆಳಗಿನಿಂದ ಬೆಚ್ಚಗಿರುತ್ತದೆ. ಹೊರಗೆ ಕೊರೆಯುವ ಚಳಿ, ಒಳಗೆ ನೆಲದ ಮೇಲೇ ಊಟ, ನೆಲದ ಮೇಲೇ ಹಾಸಿಗೆ. ಮಂಚ ಕುರ್ಚಿ ಎಂದು ಒದ್ದಾಡುವ ಪರದೇಶದಲ್ಲಿ ನಮ್ಮಂಥವರು ಸಿಕ್ಕರಲ್ಲ ಎಂದು ಖುಷಿಯಾಯಿತು. ಆದರೆ ಅವರನ್ನು ನೆಲದಿಂದ ಎಬ್ಬಿಸುವುದೆಂದರೆ ನನಗೂ ಬಸುವಿಗೂ ಬೆನ್ನು ಮುರಿಯುತ್ತಿತ್ತು.

"ಎಬ್ಬಿಸಬ್ಯಾಡ್ರಿ" ಎಂದರು ಒಮ್ಮೆ. "ನೆಲ ಬೆಚ್ಚಗದ. ಇರ್ಲಿ ಇಲ್ಲೇ."

"ಏನಂದ್ರು ವೈನಿ?" ಎಂದು ಬಸು ಕೇಳಿದ. ಅವರ ಮಾತು ಆಗಲೇ ಬಾಯಿ ತುಂಬ ಅನ್ನ ಇಟ್ಟುಕೊಂಡು ಆಡಿದಂತೆ ಆಗಿತ್ತು. ಒಡಹುಟ್ಟಿದವನಿಗೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ನನಗೊಬ್ಬಳಿಗೇ, ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆಸ್ಪತ್ರೆ

ಮೊದಲ ದಿನ ನರ್ಸು ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಾರಾ ಎಂದು ಕೇಳಿದಳು. ಇಲ್ಲ ಎಂದೆ. ನಾಲಿಗೆಗೆ ಅಭ್ಯಾಸವಾದ ಮಾತು, ತಾನಾಗಿಯೇ ಬಂತು. ಬಸುವೂ ಇಲ್ಲ ಎಂದ. ರಕ್ತ ತೆಗೆದುಕೊಂಡರು, ಉಸಿರು ಊದಿಸಿದರು. ಕೊಳವೆಯಲ್ಲಿ ಅವರು ಊದುವಾಗ ನಾನೂ ಬಸುವೂ ನಮಗೆ ಗೊತ್ತಿಲ್ಲದೆ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದೆವು.

ಮತ್ತೆ ಕರೆದಾಗ ಡಾಕ್ಟರು ಎದುರಿಗೇ ಕೂತರು. ಸಣ್ಣ ಮೈಕಟ್ಟಿನ, ಮೆಲ್ಲನೆ ಮಾತಾಡುವ ಮನುಷ್ಯ. ಪಕ್ಕದಲ್ಲಿ ಹಾನ್ ಎಂಬ ದುಭಾಷಿ ಹೆಣ್ಣುಮಗಳು. ಡಾಕ್ಟರು ಕೊರಿಯನ್ನಿನಲ್ಲಿ ಹೇಳಿದ್ದನ್ನು ಆಕೆ ಇಂಗ್ಲಿಷಿನಲ್ಲಿ ಬಸುವಿಗೆ, ಬಸು ಕನ್ನಡದಲ್ಲಿ ನಮಗೆ. ನಮ್ಮವರು ಏನಾದರೂ ಹೇಳಿದರೆ ಮೊದಲು ನಾನು, ಆಮೇಲೆ ಬಸು, ಆಮೇಲೆ ಹಾನ್. ನಮ್ಮವರು ಬರೀ ಕೆಮ್ಮಿದರೂ ಅದು ಡಾಕ್ಟರನ್ನು ಮುಟ್ಟುವಷ್ಟರಲ್ಲಿ ಎಲ್ಲರೂ ತಲೆ ಅಲ್ಲಾಡಿಸಿರುತ್ತಿದ್ದೆವು.

ಒಂದು ಸಂಗತಿ ಮಾತ್ರ ಪುಣೆಗಿಂತ ಬೇರೆಯಾಗಿತ್ತು. ನಮ್ಮ ಕಡೆ ಡಾಕ್ಟರು ರೋಗಿಯ ತಲೆಯ ಮೇಲಿನಿಂದ ಮನೆಯವರ ಜೊತೆ ಮಾತಾಡುತ್ತಾರೆ. ಈ ಡಾಕ್ಟರು ಇಷ್ಟೆಲ್ಲ ಸುತ್ತು ಹಾಕಿಯೂ ಕಣ್ಣು ಇಟ್ಟಿದ್ದು ನಮ್ಮವರ ಮೇಲೆಯೇ.

ಲಿವರಿನ ಪರೀಕ್ಷೆ ಸರಿಯಾಗಿ ಬಂದಿಲ್ಲ ಎಂದರು. ಹೀಗಿರುವಾಗ ಮಜ್ಜೆ ತೆಗೆಯಲಾಗುವುದಿಲ್ಲ, ಹೊಟ್ಟೆಗೆ ಬೇರೆ ಏನೋ ಹೋಗುತ್ತಿದೆ, ಏನದು ಎಂದು ಕೇಳಿದರು.

"ಏನಿಲ್ಲ" ಎಂದೆ. ಬಸು ಎಂದೂ ಇಲ್ಲದ ಅವಸರದಲ್ಲಿ ಅದನ್ನು ಇಂಗ್ಲಿಷ್ ಮಾಡಿದ.

ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನಮ್ಮವರ ಹತ್ತಿರ ಬಂದರು. ನೀವು ಹೇಳಿ ಎಂದರಂತೆ.

ನಮ್ಮವರು ಉಸಿರು ಕೂಡಿಸಿಕೊಂಡು, ನಿಂತು ನಿಂತು ಹೇಳಿದರು. "ನೀಲಾ ಹಾಲಿನ್ಯಾಗ ಪುಡಿ ಹಾಕ್ತಾಳ. ಬಸ್ಯಾ ಯಾರೂ ಇಲ್ಲದಾಗ ಕ್ಯಾಪ್ಸೂಲ್ ನುಂಗಸ್ತಾನ. ಬಾಜೂಮನಿ ಕಾಕೂ ಸಾಬೂದಾಣಿಯಂಥಾ ಗುಳಿಗಿ ನಾಲಿಗಿ ಮ್ಯಾಲೆ ಇಡ್ತಾರ. ಎಲ್ಲಾರ್ದೂ ತಗೊಂಡೀನಿ."

ಪಕ್ಕದ ಮನೆಯ ಜೋಶಿ ಕಾಕು ಬಂದಾಗಲೆಲ್ಲ "ಘೇವೂನ್ ತರ್ ಬಘಾ, ಭಾವೋಜಿ" ಅನ್ನುತ್ತಿದ್ದುದು ನೆನಪಾಯಿತು. ತಗೊಂಡು ನೋಡಿ ಎನ್ನುತ್ತಿದ್ದುದು ಊದಿನಕಡ್ಡಿಯ ಬಗ್ಗೆಯೋ ಪುಸ್ತಕದ ಬಗ್ಗೆಯೋ ಎಂದುಕೊಂಡು ನಾನು ಒಳಗೆ ಚಹಾಕ್ಕಿಡುತ್ತಿದ್ದೆ. ನೀರು ನುಂಗಲು ಒದ್ದಾಡುವ ಮನುಷ್ಯ ಮೂರು ಮನೆಯವರ ಆಸೆಯನ್ನು ದಿನಾ ನುಂಗುತ್ತಿದ್ದರು.

"ಏನಂದ್ರು?" ಎಂದು ಬಸು ಕೇಳಿದ.

ಆ ಕೋಣೆಯಲ್ಲಿ ಅವರ ಮಾತು ತಿಳಿದವಳು ನಾನೊಬ್ಬಳೇ. "ಒಂದು ಆಯುರ್ವೇದದ ಪುಡಿ ತಗೋತಾರ ಅಂತ ಹೇಳು" ಎಂದೆ.

ನಮ್ಮವರು ನನ್ನ ಕಡೆ ತಿರುಗಿದರು. ಕತ್ತು ತಿರುಗಿಸುವುದು ಅವರಿಗೆ ಸುಲಭವಿರಲಿಲ್ಲ. "ಪೂರ್ತಿ ಹೇಳು" ಎಂದರು.

ಪೂರ್ತಿ ಹೇಳಿದೆ. ಕ್ಯಾಪ್ಸೂಲಿನ ಮಾತು ಬಂದಾಗ ಬಸುವಿನ ಮುಖ ಕಪ್ಪಿಟ್ಟಿತು. ತನ್ನ ಕಳ್ಳತನವನ್ನು ತಾನೇ ಇಂಗ್ಲಿಷಿಗೆ ಮಾಡುವ ಪಾಳಿ ಅವನದು. ಪಾಪ, ಖರೀದಿ ವಿಭಾಗದವನು, ಕಂಪನಿಯ ಹೆಸರಿನ ಸಮೇತ ಹೇಳಿದ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲವನ್ನೂ ನಿಲ್ಲಿಸಿ, ಪುಣೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿ, ಸರಿಹೋದರೆ ಮತ್ತೆ ಬನ್ನಿ ಎಂದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ಈ ಚಿಕಿತ್ಸೆ ನಿಮಗೆ ಬೇಕೇ?

ಬಸು ಅದನ್ನು ಕನ್ನಡ ಮಾಡಲಿಲ್ಲ, ಆದರೆ ಅಷ್ಟು ಇಂಗ್ಲಿಷ್ ನಮಗಿಬ್ಬರಿಗೂ ತಿಳಿಯಿತು. ಬೇಕೆಂದೇ ಬಂದಿದ್ದೇವೆ ಎಂದು ತಾನೇ ಉತ್ತರ ಕೊಟ್ಟ. ಹಾನ್ ತಲೆ ತಗ್ಗಿಸಿ, ಡಾಕ್ಟರು ಕೇಳುತ್ತಿರುವುದು ಅವರನ್ನು ಎಂದಳು. ಆಗ ನನಗೆ ಹೊಳೆಯಿತು. ಪಾಸ್‌ಪೋರ್ಟಿನ ಫೋಟೋಕ್ಕೆ ಅವರ ಕೂದಲು ಬಾಚಿದ್ದೆ, ಸ್ವೆಟರ್ ತೊಡಿಸಿ ಅಳತೆ ನೋಡಿದ್ದೆ. ಬರುತ್ತೀರಾ ಎಂದು ಮಾತ್ರ ಕೇಳಿರಲಿಲ್ಲ.

"ಹೋದದ್ದು ಬರತದೇನು ಕೇಳು" ಎಂದರು ನಮ್ಮವರು.

ಮಾತು ಮೂವರ ಬಾಯಿ ದಾಟಿ ಹೋಯಿತು, ಇಬ್ಬರ ಬಾಯಿ ದಾಟಿ ಬಂತು. ಹೋದದ್ದು ಬರುವುದಿಲ್ಲ. ಇದ್ದದ್ದು ಸ್ವಲ್ಪ ಹೆಚ್ಚು ದಿನ ಉಳಿಯಬಹುದು. ಕೆಲವರಿಗೆ ಹಾಗಾಗಿದೆ, ಕೆಲವರಿಗೆ ಆಗಿಲ್ಲ. ನಿಮಗೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ.

ನಮ್ಮವರು ತಲೆಯಾಡಿಸಿದರು. "ವಿಚಾರ ಮಾಡ್ತೀನಿ. ಆದ್ರ ನನಗ ಕೇಳ್ರಿ" ಎಂದರು. ಅದು ಡಾಕ್ಟರಿಗೆ ಹೇಳಿದ್ದಲ್ಲ.

ಹೊರಗೆ ಬಂದು ಲಿಫ್ಟಿನ ಎದುರಿಗೆ ನಾನೂ ಬಸುವೂ ಜಗಳಾಡಿದೆವು.

"ನಿಮ್ಮ ಪುಡೀನ ಎಲ್ಲಾ ಕೆಡಿಸ್ತು, ವೈನಿ."

"ನಿನ್ನ ಕ್ಯಾಪ್ಸೂಲ್ ಏನು ಅಮೃತ ಇತ್ತೇನು?"

ಶಿಸ್ತಿನ ಜನ, ಸುತ್ತ ನಿಂತವರು ಲಿಫ್ಟಿನ ಅಂಕಿಗಳನ್ನೇ ನೋಡುತ್ತ ನಿಂತರು. ನಡುವೆ ಗಾಲಿ ಕುರ್ಚಿಯಲ್ಲಿ ನಮ್ಮವರು ನಗತೊಡಗಿದರು. ರೋಗದ ನಗುವೋ ನಿಜವಾದ ನಗುವೋ ಎಂದು ಬಸು ಗಾಬರಿಯಾದ. ನನಗೆ ಆ ಗಾಬರಿ ಇರಲಿಲ್ಲ. ಮದುವೆಯಾದಾಗಿನಿಂದ ನೋಡಿದ ನಗು ಅದು, ನನ್ನ ಮೈ ಉರಿಯುವಂತೆ ನಗುತ್ತಿದ್ದರು.

ಬಟ್ಟೆ ಪೇಟೆ

ವಾಪಸು ಹೊರಡುವ ಮುಂಚೆ ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಕೇಳುವ ಪಾಠ ಆಗಿತ್ತಲ್ಲ. ಅವರು ಅರಮನೆ ನೋಡುತ್ತೇನೆ ಎನ್ನಲಿಲ್ಲ.

"ಅರಿವಿ ಪ್ಯಾಟಿ" ಎಂದರು.

ಸಿಯೋಲಿನ ಹಳೆಯ ಬಟ್ಟೆ ಪೇಟೆಯನ್ನು ನೋಡಿದರೆ ನಮ್ಮ ಪುಣೆಯ ಲಕ್ಷ್ಮೀ ರಸ್ತೆಯ ಬಟ್ಟೆ ಬಜಾರೂ ಶಾಂತವೆನಿಸುತ್ತದೆ. ಸೂರಿನ ತನಕ ಬಟ್ಟೆಯ ತಾನುಗಳು, ನಡುವೆ ಒಬ್ಬರು ಹೋಗುವಷ್ಟು ದಾರಿ. ಅಂಗಡಿಯ ಹೆಂಗಸರು ಎತ್ತರದ ಜಗುಲಿಯ ಮೇಲೆ ಕಾಲು ಮಡಚಿ ಕೂತಿದ್ದರು.

"ಗಾದಿ" ಎಂದರು ನಮ್ಮವರು. ತಿಂಗಳುಗಳ ಮೇಲೆ ಅವರ ಅಂಗಡಿಯ ದನಿ ಕೇಳಿದ್ದೆ.

ಒಬ್ಬ ಅಜ್ಜಿಯ ಅಂಗಡಿ ಮುಂದೆ ಕುರ್ಚಿ ನಿಲ್ಲಿಸಲು ಹೇಳಿದರು. ತೆಳ್ಳಗಿನ, ಅರಿಸಿನ ಬಿಳುಪಿನ ಒಂದು ಬಟ್ಟೆಯನ್ನು ಕಣ್ಣಲ್ಲೇ ತೋರಿಸಿದರು. ಅದರ ತುದಿಯನ್ನು ಅವರ ಬಲ ಅಂಗೈಯಲ್ಲಿಟ್ಟೆ. ಬೆರಳು ಮಡಚಲಿಲ್ಲ, ಆದರೆ ಮುಟ್ಟಿದ್ದು ತಿಳಿಯುತ್ತದೆ ಎಂದೆನಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. "ಹತ್ತಿ ಅಲ್ಲ, ನಾರು. ಕೈಲೆ ತೆಗದ ಎಳಿ. ಛಲೋ ಅದ" ಎಂದರು. ಬಸು ಫೋನಿಗೆ ಹೇಳಿಸಿದ, ಫೋನು ಅಜ್ಜಿಗೆ ಹೇಳಿತು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ಹೊಸದಾಗಿ ನೋಡಿದಳು.

ಅವಳು ದರ ತೋರಿಸಲು ಕ್ಯಾಲ್ಕುಲೇಟರ್ ಎತ್ತಿದಾಗ ನಮ್ಮವರು ಬ್ಯಾಡ ಎಂದು ತಲೆ ಅಲ್ಲಾಡಿಸಿದರು. "ಟವೆಲ್ ಹಾಕು" ಎಂದರು ನನಗೆ.

ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನಡಿ ಕೈ ಹಿಡಿದು ಬೆರಳಲ್ಲೇ ವ್ಯಾಪಾರ ಮುಗಿಸುವುದನ್ನು ನೀವು ನೋಡಿರಬಹುದು. ಸುತ್ತ ನಿಂತವರಿಗೆ ದರ ತಿಳಿಯಬಾರದು, ಅದಕ್ಕೆ. ನಮ್ಮ ಮಾವನವರು ನೇಕಾರರ ಜೊತೆ ಹಾಗೇ ಮಾಡುತ್ತಿದ್ದರಂತೆ, ಮಗನಿಗೂ ಕಲಿಸಿದ್ದರು. ಬೆರಳು ಒತ್ತಿದರೆ ದರ. ಕೈ ಹಿಡಿದರೆ ಸೌದಾ ಆಯಿತು. ಕೈ ದೂಡಿದರೆ ಇಲ್ಲ. ಬಸು ಇದನ್ನೆಲ್ಲ ಫೋನಿಗೆ ಹೇಳಿದ, ಫೋನಿಗೆ ಏನು ತಿಳಿಯಿತೋ ದೇವರೇ ಬಲ್ಲ.

ಅಜ್ಜಿ ಜಗುಲಿಯಿಂದ ಇಳಿದು ಬಂದಳು. ನಾನು ಅವರ ಎಡಗೈ ಮೇಲೆ ಟವೆಲ್ ಹಾಕಿದೆ, ಆ ಕೈಯಲ್ಲಿ ಇನ್ನೂ ಒಂದಿಷ್ಟು ಕಸುವಿತ್ತು. ಅವಳು ಕೈ ಒಳಗಿಟ್ಟಳು, ಎರಡನ್ನೂ ಇಟ್ಟಳು. ನಮ್ಮವರು ಒತ್ತಿದರು. ಅವಳೂ ಒತ್ತಿದಳು. ಅವರು ದೂಡಿದರು. ಅಜ್ಜಿ ಹೋ ಎಂದು ನಕ್ಕಳು. ಅಕ್ಕಪಕ್ಕದ ಅಂಗಡಿಯವರು ತಾನುಗಳ ನಡುವಿನಿಂದ ತಲೆ ಹಾಕಿದರು. ಆಮೇಲೆ ಮತ್ತೆ ಒತ್ತಾಟ, ಮತ್ತೆ ದೂಡಾಟ, ಕೊನೆಗೆ ಕೈ ಹಿಡಿದದ್ದು ಟವೆಲ್ಲಿನ ಮೇಲೆಯೇ ಕಾಣಿಸಿತು. ಇಬ್ಬರಿಗೂ ಎಷ್ಟಕ್ಕೆ ಒಪ್ಪಿದೆವೆಂದು ಗೊತ್ತಿರಲಾರದು. ಅವಳು ತನಗೆ ತೋಚಿದ ದರ ಹಾಕಿ, ಎರಡು ದಿಂಬಿನ ಚೀಲಕ್ಕಾಗುವಷ್ಟು ಬಟ್ಟೆ ಕತ್ತರಿಸಿ, ಎರಡೂ ಕೈಯಿಂದ ಅವರ ತೊಡೆಯ ಮೇಲೆ ಇಟ್ಟಳು.

ಆ ಸಂಜೆ ಬೆಚ್ಚಗಿನ ನೆಲದ ಮೇಲೆ ಅವರು ನನಗೂ ಟವೆಲ್ಲಿನ ಲೆಕ್ಕ ಕಲಿಸಿದರು. ಇಷ್ಟು ವರ್ಷ ಅಂಗಡಿಯಲ್ಲಿ ಕೂತಿದ್ದೇನೆ, ಯಾವತ್ತೂ ಕಲಿಸಿರಲಿಲ್ಲ. ನಾನು ಭಾರೀ ದಡ್ಡಿ ಎಂದು ಅವರಿಗೆ ಅನ್ನಿಸಿರಬೇಕು. ಹಿಡಿದದ್ದು, ದೂಡಿದ್ದು ಎರಡು ಮಾತ್ರ ನೆನಪಿನಲ್ಲಿ ಉಳಿದವು.

ಮತ್ತೆ ಖಡಕಿ

ಮನೆಗೆ ಬಂದ ದಿನವೇ ಮೇತಕೂಟದ ಡಬ್ಬಿಯನ್ನು ಮೋರಿಗೆ ಸುರಿದೆ. ಬಸು ಕ್ಯಾಪ್ಸೂಲ್ ತಂದು ನನ್ನೆದುರಿಗೇ ಕಸಕ್ಕೆ ಹಾಕಿದ. ಜೋಶಿ ಕಾಕು ಮಾತ್ರ ಗುಳಿಗೆಯ ಗುಟ್ಟು ಹೊರಬಿದ್ದದ್ದು ತಿಳಿದು ಕೆಲ ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ, ಆಮೇಲೆ ಬರಿಗೈಯಲ್ಲಿ ಬಂದು ಕೂತಳು. ಹಾಲು ಕೊಡುವಾಗ ನಮ್ಮವರು ಲೋಟದ ಕಡೆ ಹುಬ್ಬು ಏರಿಸುತ್ತಿದ್ದರು. "ಹಾಲು, ಸಕ್ರಿ, ಅಷ್ಟ" ಎನ್ನುತ್ತಿದ್ದೆ.

ಪರೀಕ್ಷೆ ಸರಿಯಾಗಿ ಬಂತು. ಸಿಯೋಲಿಗೆ ಕಳಿಸಿದೆವು. ಅವರಿಗೆ ಮನಸ್ಸಿದ್ದರೆ ಬರಲಿ ಎಂದು ಡಾಕ್ಟರು ಹೇಳಿದ್ದಾರೆಂದು ಹಾನ್ ಉತ್ತರ ಬರೆದಳು. ನನಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು, ಎರಡು ಭಕ್ರಿ ಹೆಚ್ಚು ತಿಂದೆ. ಬಸು ವಾಕಡದಿಂದ ಓಡಿ ಬಂದ. ವಿಮಾನದ ವೇಳೆಯನ್ನೆಲ್ಲ ಫೋನಿನಲ್ಲಿ ತೆಗೆದಿಟ್ಟಿದ್ದ.

"ಮೊದಲ ಅವರಿಗೆ ಕೇಳಬೇಕಪಾ" ಎಂದೆ. ಅವನನ್ನು ಹೊರಗಿನ ಕೋಣೆಯಲ್ಲಿ ಕೂಡಿಸಿ ನಾನು ಒಳಗೆ ಹೋದೆ.

ಕಾಲುಗಳ ಹತ್ತಿರ ಕೂತು ನಿಧಾನವಾಗಿ ಕೇಳಿದೆ. "ರೀ, ರಕ್ತ ಛಲೋ ಬಂದದ. ಅವರು ಬರ್ರಿ ಅಂದಾರ. ನೀವು ಏನಂತೀರಿ?"

ಅವರು ಮಾತಾಡಿದರು. ಒಂದೆರಡು ಶಬ್ದ ಅಲ್ಲ, ಉದ್ದಕ್ಕೆ ಮಾತಾಡಿದರು. ನಡುವೆ ಉಸಿರಿಗೆ ನಿಂತು ಮತ್ತೆ ಮುಂದುವರಿಸಿದರು. ನನಗೆ ಒಂದಕ್ಷರ ತಿಳಿಯಲಿಲ್ಲ.

ಫ್ಯಾನಿನ ಸಪ್ಪಳ ಇರಬೇಕೆಂದು ಫ್ಯಾನು ಆರಿಸಿದೆ. "ಇನ್ನೊಮ್ಮೆ ಹೇಳ್ರಿ" ಎಂದೆ. ಹೇಳಿದರು. ಬಾಯಿಯ ಹತ್ತಿರ ಕಿವಿ ಇಟ್ಟೆ. ಮತ್ತೆ ಹೇಳಿದರು, ಈ ಸಲ ಸಣ್ಣದಾಗಿ. ಅವರ ಹಣೆಯ ಮೇಲೆ ಬೆವರು ಬಂದಿತ್ತು. ಹಿಂದಿನ ದಿನವಷ್ಟೇ ದಿಂಬು ಎತ್ತರ ಮಾಡು ಅಂದದ್ದು ತಿಳಿದಿತ್ತು. ಅಷ್ಟು ದೂರ ಹೋಗಿ ಬಂದದ್ದು ಇದ್ದದ್ದನ್ನು ಉಳಿಸಿಕೊಳ್ಳಲಿಕ್ಕೆ ತಾನೇ. ಅವರ ಮಾತು ನನ್ನ ಕಿವಿಯ ಹತ್ತಿರವೇ ಕಳೆದುಹೋಗುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವರ ಕಣ್ಣು ಮಂಚದ ಪಕ್ಕದ ಟವೆಲ್ಲಿನ ಮೇಲೆ ಹೋಯಿತು. ಎಡಗೈಯ ಮೇಲೆ ಹಾಕಿದೆ. ನನ್ನ ಕೈ ಒಳಗಿಟ್ಟು, "ಹೋಗೂಣೇನು?" ಎಂದೆ.

ಕೈ ದೂಡಿದರು.

ಕಸುವಿಲ್ಲದ ಕೈ, ಜಾರಿರಬೇಕು ಎಂದುಕೊಂಡೆ. ಮತ್ತೆ ಇಟ್ಟು ಮತ್ತೆ ಕೇಳಿದೆ. ಮತ್ತೆ ದೂಡಿದರು. ಸಿಯೋಲಿನ ಅಜ್ಜಿಗೆ ದೂಡಿದ ಹಾಗೆಯೇ.

ಹೊರಗಿನಿಂದ ಬಸು ಕೂಗಿದ. "ಏನಂದ್ರು ವೈನಿ?" ಅವನ ದನಿಯಲ್ಲಿ ಹೂಂ ಅನ್ನಿಸಿಕೊಳ್ಳುವ ಆಸೆ ಇತ್ತು. ನನಗೂ ಹೂಂ ಬೇಕಾಗಿತ್ತು. ಹೂಂ ಅಂದ್ರು ಎಂದು ನಾನು ಅಂದಿದ್ದರೆ ಸುಳ್ಳು ಎನ್ನಲು ಆ ಮನೆಯಲ್ಲಿ ಯಾರಿಗೂ ಬಾಯಿ ಇರಲಿಲ್ಲ. ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಬಾಗಿಲಿಗೆ ಬಂದೆ.

"ಬ್ಯಾಡ ಅಂದ್ರು ಬಸು. ಎರಡು ಸಲ ಕೇಳಿದೆ. ಅದಕ್ಕೂ ಮೊದಲ ಇನ್ನೂ ಏನೇನೋ ಭಾಳ ಹೇಳಿದ್ರು. ಅದು ನನಗ ತಿಳೀಲಿಲ್ಲ."